ಎರಡು ಹಲ್ಲಿನ ಕುರಿಗಳು

ನನಗೆ ಬೈಸಿಕೊಳ್ಳುವುದೆಂದರೆ ಆಗದು. ಚಿಕ್ಕಂದಿನಲ್ಲಿ ಅಪ್ಪ ಬೈಯುತ್ತಾರೆಂದು ಮಾರ್ಕ್ಸ್ ಕಾರ್ಡನ್ನು ರಾಗಿ ಡಬ್ಬದಲ್ಲಿ ಹೂತಿಟ್ಟವನು ನಾನು. ರಾಗಿ ಮುಗಿದ ದಿನ ಎರಡು ಪಟ್ಟು ಬೈಸಿಕೊಂಡೆ. ಬುದ್ಧಿ ಮಾತ್ರ ಬರಲಿಲ್ಲ. ಮಧುಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಪ್ರೋಗ್ರಾಂ ಬರೆಯಲು ಭಾಷೆ ಆರಿಸಿಕೊಳ್ಳುವುದೂ ಅದು ತಪ್ಪು ತೋರಿಸಿ ಎಷ್ಟು ಬೈಯುತ್ತದೆ ಎಂದು ನೋಡಿಯೇ.

ಈ ಭಾಷೆಗಳಲ್ಲಿ ಕೆಲವು ಮಹಾ ಕಟ್ಟುನಿಟ್ಟು. ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಲ್ಲಿ ತಪಾಸಣೆ. ತಿಂಗಳು ಕೇಳಿದ ಕಡೆ ಕಿಲೋ ತಂದರೆ ಒಳಗೆ ಬಿಡುವುದಿಲ್ಲ, ಎರಡೂ ಅಂಕಿಯೇ ಆದರೂ. ಇನ್ನು ಕೆಲವು ಪರಮ ಸಾಧುಗಳು; ಏನು ಕೊಟ್ಟರೂ ನುಂಗುತ್ತವೆ. ಪಕ್ಕದ ಮೇಜಿನ ಶೈಲಜಾ ಮೇಡಂ ಕಟ್ಟುನಿಟ್ಟಿನದರಲ್ಲೇ ಬರೆಯಿರಿ ಎಂದು ಮೂರು ಸಲ ಹೇಳಿದರು. ಬೈಯುವವರು ಮನೆಯಲ್ಲೇ ಇದ್ದಾರೆ ಮೇಡಂ, ಯಂತ್ರದ ಕೈಲೂ ಯಾಕೆ ಎಂದು ನಕ್ಕು, ಗೌಡಗೆರೆ ಕಡೆಯ ಕುರಿ ಸಾಕುವವರ ಸಂಘಕ್ಕೆ ಲಸಿಕೆ ಪಟ್ಟಿ ಮಾಡುವ ಪ್ರೋಗ್ರಾಮನ್ನು ಸಾಧು ಭಾಷೆಯಲ್ಲಿ ಬರೆದುಕೊಟ್ಟೆ. ಕೋಣೆ, ಬಾಗಿಲು ಏನೂ ಇಲ್ಲ. ಎಲ್ಲ ಸೇರಿ ಛತ್ರದ ಒಂದೇ ಹಜಾರ. ಎರಡೇ ದಿನದಲ್ಲಿ ಮುಗಿಯಿತು. ಸಂಘದವರು ಶಾಲು ಹೊದಿಸಿದರು.

ಅದರಲ್ಲಿ ‘ವಯಸ್ಸು’ ಎಂದೊಂದು ಖಾನೆ. ತಿಂಗಳಲ್ಲಿ ತುಂಬಬೇಕೆಂಬುದು ನನ್ನ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಆ ಕಡೆಯವರು ಕುರಿಯ ವಯಸ್ಸು ಹೇಳುವುದು ಹಲ್ಲಿನಲ್ಲಿ. ಬಾಯಿ ಬಿಡಿಸಿ ನೋಡಿ ಎರಡು ಹಲ್ಲು, ನಾಲ್ಕು ಹಲ್ಲು ಎನ್ನುತ್ತಾರೆ. ಚಿತ್ತಯ್ಯ ಎಂಬ ಹಿರಿಯರು ತಮ್ಮ ಹದಿನಾಲ್ಕು ಕುರಿಗಳಿಗೆ ಎರಡು ಹಲ್ಲು ಎಂದರು; ಸಂಘದ ಗುಮಾಸ್ತ ಎರಡು ಎಂದು ಒತ್ತಿದ. ಒಂದೂವರೆ ವರ್ಷದ, ಇನ್ನೇನು ಈಯಬೇಕಾದ ಕುರಿಗಳು ಅವು. ಚಿತ್ತಯ್ಯನವರ ಮಂದೆ ಬೆಳೆಯಬೇಕಾದದ್ದೇ ಅವುಗಳಿಂದ. ನನ್ನ ಪ್ರೋಗ್ರಾಂ ಅವನ್ನು ಎರಡು ತಿಂಗಳ ಮರಿಗಳೆಂದು ತಿಳಿದು, ಇವಕ್ಕೆ ಈಗಲೇ ಲಸಿಕೆ ಬೇಡ ಎಂದು ಪಟ್ಟಿಯಿಂದ ಬಿಟ್ಟಿತು. ತಕರಾರು ಮಾಡಲಿಲ್ಲ. ಅದರ ಗುಣವೇ ಅದು. ಮಳೆ ಬಿದ್ದು ಎಳೆಹುಲ್ಲು ಚಿಗುರಿದಾಗ, ಆ ಲಸಿಕೆ ತಡೆಯಬೇಕಿದ್ದ ಕರುಳುಬೇನೆ ಬಂತು. ಮೂರು ದಿನದಲ್ಲಿ ಹದಿನಾಲ್ಕೂ ಹೋದವು.

ನಾನು ಹೋದಾಗ ಚಿತ್ತಯ್ಯ ಕುರಿ ಕೂಡುವ ರೊಪ್ಪದ ಬೇಲಿ ಸರಿಮಾಡುತ್ತಿದ್ದರು. ತಪ್ಪು ನನ್ನದು ಎಂದೆ. ಹೇಗೆಂದು ವಿವರಿಸಿ, ಬೈಯಲಿ ಎಂದು ತಲೆ ಬಗ್ಗಿಸಿ ನಿಂತೆ. ಅವರು ಬೈಯಲಿಲ್ಲ, ಸೊಸೆಗೆ ಮಜ್ಜಿಗೆ ತರಲು ಹೇಳಿದರು.

“ಸೂಜಿಯವ್ರು ಬುಟ್ಟೋದಾಗ ಕೇಳ್ದೆ ಸ್ವಾಮಿ, ಇವುಕ್ಯಾಕಿಲ್ಲ ಅಂತ. ಕಂಪ್ಯೂಟ್ರು ಬ್ಯಾಡ ಅಂದದೆ ಅಂದ್ರು. ನಮಗಿಂತ ತಿಳ್ದಿರ್ತದೆ ಅಂತ ಸುಮ್ಕಾದೆ,” ಎಂದರು. ಬೇಲಿಗೆ ಇನ್ನೊಂದು ಮುಳ್ಳುಕೊಂಬೆ ಸಿಕ್ಕಿಸಿ, “ಅದು ಒಂದ್ಸಲ ಬಾಯಿ ಬುಡಿಸಿ ನೋಡ್ಬಾರ್ದಿತ್ತಾ?” ಎಂದು ಕೇಳಿದರು.

ಶೈಲಜಾ ಮೇಡಂ ಮೂರು ಸಲ ಹೇಳಿದ್ದೂ ಇದನ್ನೇ.

ಈಗ ಎಲ್ಲವನ್ನೂ ಕಟ್ಟುನಿಟ್ಟಿನ ಭಾಷೆಯಲ್ಲಿ ಹೊಸದಾಗಿ ಬರೆದಿದ್ದೇನೆ. ಹಲ್ಲಿಗೆ ಬೇರೆ ಕೋಣೆ, ತಿಂಗಳಿಗೆ ಬೇರೆ ಕೋಣೆ. ಬರೆಯುವಾಗ ಅದು ನನ್ನನ್ನು ಬೈದದ್ದಕ್ಕೆ ಮಿತಿಯಿಲ್ಲ. ಮನೆಯವಳಿಗೆ ಸ್ವಲ್ಪ ಬಿಡುವು ಸಿಕ್ಕಿತು. ಮೊನ್ನೆ ಗುಮಾಸ್ತ ನನ್ನೆದುರಿಗೇ ಚಿತ್ತಯ್ಯನವರ ಹೆಸರಿನ ಪುಟ ತೆರೆದು, ಎರಡು ಹಲ್ಲಿನ ಕುರಿಗಳು ಎಷ್ಟು ಎಂಬ ಖಾನೆಯಲ್ಲಿ ಸೊನ್ನೆ ಒತ್ತಿದ. ಈಗಲಾದರೂ ಬೈಯುತ್ತದೇನೋ ಎಂದು ಪರದೆಯನ್ನೇ ನೋಡುತ್ತ ಕೂತೆ. ಸೊನ್ನೆ ಸರಿಯಾದ ಅಂಕಿಯೇ. ಒಂದು ಮಾತೂ ಆಡದೆ ತೆಗೆದುಕೊಂಡಿತು.