ಇಸಾಬುರೊ ತಾತನ ಚೆಂಡು

ಆ ಬೆಳಿಗ್ಗೆ ಕುನಿಹಿರೊ ಸೀನದೇ ಇದ್ದಿದ್ದರೆ ಎಲ್ಲರ ಮಾನವೂ ಉಳಿಯುತ್ತಿತ್ತು.

ತಾತ ಇಸಾಬುರೊ ತೀರಿಕೊಂಡ ನಲವತ್ತೊಂಬತ್ತನೆಯ ದಿನ ಅದು. ಮಧ್ಯಾಹ್ನ ಅಸ್ಥಿಯನ್ನು ಸಮಾಧಿಯೊಳಗೆ ಇಡಬೇಕಿತ್ತು. ತಾತ ಹುಡುಗನಾಗಿದ್ದಾಗ ಬೇಸ್‌ಬಾಲ್ ಚೆಂಡೆಸೆಯುವುದರಲ್ಲಿ ಹುಲಿಯಂತೆ. ಮನೆಯವರಿಗೆ ಗೊತ್ತಿದ್ದದ್ದು ಅಷ್ಟೇ. ಅದಕ್ಕೆ ಸಾಕ್ಷಿಯಾಗಿ ಒಂದು ಪೆಟ್ಟಿಗೆಯಲ್ಲಿ ಬೋಳುತಲೆಯ ಒಂಬತ್ತು ಹುಡುಗರ ಫೋಟೋ, ಕಪ್ಪು ದಾರದಲ್ಲಿ ಅಡ್ಡಾದಿಡ್ಡಿ ಹೊಲಿದ ಚೆಂಡು, ಒಂದು ಸೀಸೆಯ ತುಂಬ ಮಣ್ಣು ಇದ್ದವು.

ಮಣ್ಣು ಕೋಶಿಎನ್ ಮೈದಾನದ್ದೇ ಎಂದು ಸೋದರತ್ತೆ ಯೊಶಿನೊ ಊರಿಗೆಲ್ಲ ಸಾರಿದ್ದಳು. ಅಲ್ಲಿ ನಡೆಯುವ ಬೇಸಿಗೆಯ ಅಖಿಲ ಜಪಾನ್ ಶಾಲಾ ಬೇಸ್‌ಬಾಲ್ ಪಂದ್ಯಗಳಲ್ಲಿ ಸೋತ ಹುಡುಗರು ಗೊಳೋ ಎಂದು ಅಳುತ್ತ ಮೈದಾನದ ಕರಿ ಮಣ್ಣು ಬಾಚಿ ಮನೆಗೆ ತರುತ್ತಾರೆ. ಅಂಥ ಮಣ್ಣಿರುವ ಮನೆಗೆ ಅವರ ಊರು ಮತ್ಸುಯಾಮಾದಲ್ಲಿ ದೇವಸ್ಥಾನದಷ್ಟು ಮರ್ಯಾದೆ. ತಾತನನ್ನು ಕೇಳಿದರೆ "ಹ್ಞೂಂ" ಎಂದು ಟಿವಿಯ ಕಡೆ ತಿರುಗುತ್ತಿದ್ದ. ಎರಡನೇ ಸಲ ಯಾರೂ ಕೇಳಲಿಲ್ಲ, ಅವನ ಕೈಯಲ್ಲೇ ಬೆಳೆದ ಕುನಿಹಿರೊ ಕೂಡ. ಈಗ ಕೇಳೋಣವೆಂದರೆ ತಾತನೇ ಇರಲಿಲ್ಲ.

ತಾತನ ವಾಸನೆ ಇದ್ದೀತೆಂದು ಅವನು ಅಡುಗೆಮನೆಯಲ್ಲಿ ಸೀಸೆಯ ಮುಚ್ಚಳ ತೆಗೆದು ಮೂಸಿದ. ಮೂಗಿಗೆ ಧೂಳು ಹೋಯಿತು. ಸೀನಿದ ರಭಸಕ್ಕೆ ಸೀಸೆ ಕೈಜಾರಿ, ಮಣ್ಣೆಲ್ಲ ಅಕ್ಕಿ ನೆನೆಹಾಕಿದ ಪಾತ್ರೆಗೆ ಬಿತ್ತು. ಗಾಬರಿಯಲ್ಲಿ ಅವನು ನೀರನ್ನು ಚರಂಡಿಗೆ ಸುರಿದ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ, ಸೋಸಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಹಿತ್ತಲಲ್ಲಿ ಕೂತು ಹೂಕುಂಡದ ಮಣ್ಣನ್ನು ಸೀಸೆಗೆ ತುಂಬುತ್ತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ಹಿದಾಕಾನ ತಲೆ ಮೇಲೆದ್ದಿತು.

"ಏನಪ್ಪಾ, ಕೋಶಿಎನ್ ಮಣ್ಣು ಕೆಂಪಗಿರುತ್ತೇನೋ? ನಿಮ್ಮತ್ತೆ ಕಣ್ಣಿಗೆ ಬಿದ್ರೆ ತಾತನ ಜೊತೆ ನಿನ್ನನ್ನೂ ಹೂತುಬಿಡ್ತಾಳೆ."

ಹಿದಾಕಾನ ಮಗ ಕೋಶಿಎನ್‌ಗೆ ಹೋಗಿಬಂದವನು. ಬ್ಯಾಟು ಮುಟ್ಟಲಿಲ್ಲ, ಇನ್ಯಾರದೋ ಬದಲಿಗೆ ಒಂದು ಸಲ ಓಡಿ ಔಟಾಗಿದ್ದ. ಆದರೂ ಮಣ್ಣು ತಂದಿದ್ದ.

"ಹಿದಾಕಾ ಸಾನ್, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸೀಸೆಯಷ್ಟು ಕೊಡಿ."

"ಸುಮ್ನೆ ಕೊಡೋಕೆ ಅದೇನು ಬೀದಿ ಮಣ್ಣೇ? ನನ್ನ ಮಗನ ಕಣ್ಣೀರಿದೆ ಅದರಲ್ಲಿ!"

ಅಷ್ಟರಲ್ಲಿ ಅವನ ನಾಯಿ ಗೊಂತಾ ಬೇಲಿ ನುಸುಳಿ ಬಂದು ಪೆಟ್ಟಿಗೆಯಿಂದ ಚೆಂಡನ್ನು ಕಚ್ಚಿಕೊಂಡಿತು. ಎಳೆದರೂ ಬಿಡಲಿಲ್ಲ, ಗದರಿದರೂ ಬಿಡಲಿಲ್ಲ.

"ನೋಡು, ಅದಕ್ಕೆ ಆಸೆಯಾಗಿದೆ. ಆ ಹಾಳು ಚೆಂಡು ಕೊಡು, ಮಣ್ಣು ತಗೋ. ಲೆಕ್ಕ ಚುಕ್ತಾ."

ಕುನಿಹಿರೊಗೆ ಹೋದ ಜೀವ ಬಂದಂತಾಯಿತು. ಚೆಂಡು ಹೋದರೆ ಹೋಗಲಿ, ತಾತನ ಮರ್ಯಾದೆ ಉಳಿಯಿತಲ್ಲ ಎಂದುಕೊಂಡ.

ಮಧ್ಯಾಹ್ನ ಕರಿ ಕಿಮೋನೊ ಉಟ್ಟು ಬಂದ ಅತ್ತೆ ಸೀಸೆಯನ್ನು ಬೆಳಕಿಗೆ ಹಿಡಿದು ಕಣ್ಣೊರೆಸಿಕೊಂಡಳು. "ಆಹಾ, ಕೋಶಿಎನ್ ಮಣ್ಣು ಅಂದ್ರೆ ಕೋಶಿಎನ್ ಮಣ್ಣೇ!"

ಅವಳ ಹಿಂದೆಯೇ ಕೋಲೂರಿಕೊಂಡು ಮಿನೆಗಿಶಿ ಬಂದರು. ಫೋಟೋದ ಹುಡುಗರಲ್ಲಿ ಬದುಕುಳಿದಿದ್ದವರು ಅವರೊಬ್ಬರೇ. ಸೀಸೆಯ ಕಡೆ ಅವರು ಕಣ್ಣೂ ಹಾಯಿಸಲಿಲ್ಲ.

"ಚೆಂಡೆಲ್ಲಿ ಮಗಾ?"

ಕುನಿಹಿರೊ ಬಾಯಿ ತೆರೆಯುವ ಮೊದಲೇ ಹಿದಾಕಾ ಕರವಸ್ತ್ರದ ಗಂಟು ಹಿಡಿದು ನುಗ್ಗಿದ.

"ಏನಯ್ಯಾ ನೀನು ಕೊಟ್ಟಿದ್ದು! ಚೆಂಡಿನೊಳಗೆ ಬರೀ ಉಗುರು! ಯಾರದೋ ಕತ್ತರಿಸಿದ ಉಗುರು, ಥೂ! ನನ್ನ ಗೊಂತಾಗೆ ಏನಾದ್ರೂ ಆದ್ರೆ ಯಾರು ಹೊಣೆ? ನನ್ನ ಮಣ್ಣು ನನಗೆ ವಾಪಸ್ ಕೊಡು!"

"ನಿನ್ನ ಮಣ್ಣಾ?" ಅತ್ತೆಯ ಕಣ್ಣು ಕೆಂಡವಾಯಿತು.

ಕುನಿಹಿರೊ ಇಂಗು ತಿಂದ ಮಂಗನಂತೆ ನಿಂತಿದ್ದ. ಮಿನೆಗಿಶಿ ಮಾತ್ರ ಹಿದಾಕಾನ ಕೈಯಿಂದ ಗಂಟನ್ನು ತೆಗೆದುಕೊಂಡು ಚಾಪೆಯ ಮೇಲೆ ಮಂಡಿಯೂರಿದರು.

"ಯುದ್ಧಕ್ಕೆ ಹೋಗೋ ಮುಂಚೆ ಕೂದಲೋ ಉಗುರೋ ಬಿಟ್ಟು ಹೋಗ್ತಿದ್ವಿ. ದೇಹ ಸಿಗದೇ ಹೋದ್ರೆ ಹೂಳೋಕೆ ಏನಾದ್ರೂ ಬೇಕಲ್ಲ. ನಮ್ಮದು ಬೋಳುತಲೆ, ಕೂದಲೆಲ್ಲಿ ಬರ್ಬೇಕು? ಒಂಬತ್ತೂ ಜನ ಉಗುರು ಕತ್ತರಿಸಿ ಚೆಂಡಲ್ಲಿಟ್ಟು ಹೊಲಿದ್ವಿ. ಇಸಾಬುರೊ, ನಾನು, ಇಬ್ಬರೇ ವಾಪಸ್ ಬಂದಿದ್ದು. ಉಳಿದವರದ್ದು ಒಂದು ಮೂಳೇನೂ ಬರಲಿಲ್ಲ. ತಾನು ಹೋಗುವಾಗ ಅವರನ್ನೂ ಜೊತೇಲೇ ಕರ್ಕೊಂಡು ಹೋಗ್ತೀನಿ ಅಂದಿದ್ದ ಇಸಾಬುರೊ."

"ಹಾಗಾದ್ರೆ... ಕೋಶಿಎನ್?" ಎಂದಳು ಅತ್ತೆ, ಸಣ್ಣ ದನಿಯಲ್ಲಿ.

"ಎಲ್ಲಿಯ ಕೋಶಿಎನ್ ತಾಯಿ! ನಮ್ಮ ಸರದಿ ಬಂದ ವರ್ಷ ಯುದ್ಧ ಅಂತ ಪಂದ್ಯಗಳನ್ನೇ ನಿಲ್ಲಿಸಿಬಿಟ್ರು. ಅವನು ಇಟ್ಟುಕೊಂಡಿದ್ದು ನಮ್ಮ ಶಾಲೆಯ ಅಂಗಳದ ಮಣ್ಣು. ಇನ್ನೊಂದು ಸಲ ಕೇಳಿದ್ರೆ ಹೇಳ್ತಿದ್ನೋ ಏನೋ."

ಕುನಿಹಿರೊಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಿನೆಗಿಶಿ ಕರವಸ್ತ್ರವನ್ನು ಬಿಡಿಸಿ ನೋಡಿದರು.

"ಇಷ್ಟೇನಾ? ಮಿಕ್ಕವರೆಲ್ಲಿ?"

ಕುನಿಹಿರೊ ಬಾಗಿಲ ಕಡೆ ನೋಡಿದ. ಹೊಸ್ತಿಲಲ್ಲಿ ಗೊಂತಾ ಬಾಯಿ ನೆಕ್ಕಿಕೊಳ್ಳುತ್ತ ಬಾಲ ಅಲ್ಲಾಡಿಸುತ್ತಿತ್ತು.

ಮಿನೆಗಿಶಿಯವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಕೋಲೂರಿ ಎದ್ದರು, ಟೋಪಿ ತೆಗೆದರು, ನಾಯಿಯ ಮುಂದೆ ಸೊಂಟ ಬಗ್ಗಿಸಿ ಆಳವಾಗಿ ನಮಸ್ಕರಿಸಿದರು. ಅತ್ತೆ ಬಗ್ಗಿದಳು, ಹಿದಾಕಾನೂ ಬಗ್ಗಿದ. ಎಲ್ಲರಿಗಿಂತ ಕೆಳಗೆ ಬಗ್ಗಿದವನು ಕುನಿಹಿರೊ; ಮತ್ತೆ ತಲೆಯೆತ್ತಲು ಅವನಿಗೆ ಧೈರ್ಯ ಬರಲಿಲ್ಲ.