ಕುಂಕುಮ ಕೊಟ್ಟು ಕರೆದ ಸಿನಿಮಾ

ಕರೆಯದ ಕಡೆಗೆ ಹೋಗುವ ಜನ ನಾವಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಪೆಟ್ಟು ತಿಂದು ಕಲಿತ ಪಾಠವನ್ನು ಒಪ್ಪಿಸುತ್ತಿದ್ದೇನೆ. ನಮ್ಮ ಕಡೆ ಕರೆಯುವುದೆಂದರೆ ಬರೀ ಬಾಯಿಮಾತಲ್ಲ. ಮನೆಗೆ ಬರಬೇಕು, ಜಗಲಿಯಲ್ಲಿ ಕೂರಬೇಕು, ಬೆಲ್ಲ ತಿಂದು ನೀರು ಕುಡಿಯಬೇಕು, ಊರಿನವರೆಲ್ಲರ ಆರೋಗ್ಯ ವಿಚಾರಿಸಬೇಕು, ಆಮೇಲೆ ಏನೋ ಮರೆತದ್ದು ಈಗ ನೆನಪಾಯಿತೆಂಬಂತೆ ವಿಷಯಕ್ಕೆ ಬಂದು ‘ಮನೆಮಂದಿಯೆಲ್ಲ ಬರಬೇಕು’ ಎನ್ನಬೇಕು. ಹೆಂಗಸರನ್ನು ಹೆಂಗಸರೇ ಕುಂಕುಮ ಕೊಟ್ಟು ಕರೆಯಬೇಕು. ಇದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಲಸ ಕೆಟ್ಟಿತು. ನಮ್ಮ ಅಪ್ಪಯ್ಯ ಸ್ವಂತ ತಂಗಿಯ ಮಗನ ಮದುವೆಗೆ ಹೋಗಲಿಲ್ಲ. ಯಾಕೆಂದರೆ ತಂಗಿಯ ಗಂಡ ಅವನನ್ನು ಕರೆದದ್ದು ಮನೆಗೆ ಬಂದಲ್ಲ, ಎಕ್ಕಂಬಿಯ ದಾರಿಯಲ್ಲಿ ಎದುರಾದಾಗ, ಅದೂ ಸೈಕಲ್ಲಿನಿಂದ ಒಂದೇ ಕಾಲು ಇಳಿಸಿ. ‘ಎರಡೂ ಕಾಲು ಇಳಿಸಿದ್ದಿದ್ರೆ ವಿಚಾರ ಮಾಡ್ಬಹುದಾಗಿತ್ತು’ ಎಂದು ಅಪ್ಪಯ್ಯ ಕೊನೆಯವರೆಗೂ ಹೇಳುತ್ತಿದ್ದ. ನಾನು ಅದನ್ನು ಹತ್ತಾರು ಕಡೆ ಹೇಳಿ ನಗಿಸಿದ್ದೇನೆ. ಹುಬ್ಬಳ್ಳಿ ಕಂಡವನು, ಇಂಗ್ಲಿಷ್ ಪೇಪರಿನ ದಪ್ಪಕ್ಷರ ಓದಬಲ್ಲವನು, ಇಂಥ ಹಳೇ ಗೊಡ್ಡುತನಕ್ಕೆಲ್ಲ ಜಗ್ಗುವವನಲ್ಲ ಎಂಬ ಜಂಬ ನನಗೆ ಬೇಕಾದಷ್ಟಿತ್ತು.

ಆ ಜಂಬದ ಮೇಲೆಯೇ ನಾನು ಯಲ್ಲಾಪುರದಲ್ಲಿ ಸಿನಿಮಾ ಥಿಯೇಟರ್ ಶುರುಮಾಡಿದೆ. ನಾವು ಬೊಂಬಾಯಿ ಪ್ರಾಂತ್ಯ ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹೊಸದಾಗಿ ಬಂದ ನಯಾಪೈಸೆಗೆ ಅಂಗಡಿಯವರು ಬೆರಳು ಮಡಚಿ ಒದ್ದಾಡುತ್ತಿದ್ದರು. ನಾನು ಒಬ್ಬ ಮರದ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿದ್ದೆ. ದಿಮ್ಮಿಗಳಿಗೆ ನಂಬರು ಹೊಡೆಯುವುದು ಕೆಲಸ. ಊರಿನ ಅಂಚಿನಲ್ಲಿ ಮುಚ್ಚಿಹೋದ, ಮರ ಕೊಯ್ಯುವ ಸಾಮಿಲ್ಲಿನ ಒಂದು ಉದ್ದನೆಯ ಶೆಡ್ಡು ಇತ್ತು. ಅದರೊಳಗೆ ಒಮ್ಮೆ ಇಣುಕಿದ್ದೇ ತಪ್ಪಾಯಿತು. ಆ ಕತ್ತಲು, ಆ ಉದ್ದ, ಆ ಕೊನೆಯ ಬಿಳಿ ಗೋಡೆ! ಒಂದು ತಿಂಗಳು ನನಗೆ ದಿಮ್ಮಿಯ ನಂಬರೆಲ್ಲ ತಪ್ಪಿದವು. ಕೊನೆಗೆ ಕೆಲಸ ಬಿಟ್ಟೆ, ಶೆಡ್ಡು ಹಿಡಿದೆ, ಹಳೆಯ ಪ್ರೊಜೆಕ್ಟರು ತಂದೆ, ಕರೆಂಟಿಗೆ ಹಿಂದುಗಡೆ ಒಂದು ಆಯಿಲ್ ಎಂಜಿನ್ನು ಕೂರಿಸಿದೆ. ಇದ್ಯಾವುದನ್ನೂ ಹೆಂಡತಿ ಭಾಗೀರಥಿಯ ಹತ್ತಿರ ಹೇಳಿರಲಿಲ್ಲ. ಅವಳಿಗೆ ಗೊತ್ತಾದದ್ದು ಪಕ್ಕದ ಮನೆಯ ಬಾವಿಕಟ್ಟೆಯಲ್ಲಿ. ಕೊಡ ಇಳಿಸಿ ಬಂದು ‘ಹೌದಾ?’ ಎಂದು ಕೇಳಿದಳು. ‘ಹೌದು’ ಎಂದೆ. ಒಳಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ರೀಲಿನ ಪೆಟ್ಟಿಗೆಯ ಜೊತೆ ಹುಬ್ಬಳ್ಳಿಯಿಂದ ಒಬ್ಬ ಪ್ರತಿನಿಧಿ ಬರುತ್ತಾನೆ ಎಂಬುದು ನನಗೆ ಪೆಟ್ಟಿಗೆ ಬಂದ ಮೇಲೆಯೇ ತಿಳಿದದ್ದು. ಬಸಪ್ಪ ಎಂದು ಅವನ ಹೆಸರು. ಬಿಳಿ ಟೋಪಿ, ಕಂಕುಳಲ್ಲಿ ಕೊಡೆ. ಊಟ ಮಾಡುವಾಗಲೂ ಪೆಟ್ಟಿಗೆಯ ಮೇಲೆ ಒಂದು ಕಾಲಿಟ್ಟೇ ಕೂರುತ್ತಿದ್ದ. ಬಂದ ಗಳಿಗೆಯಲ್ಲೇ ಹೇಳಿದ: “ನೋಡ್ರಿ ಭಟ್ಟರ, ಹೊಸಾ ಊರಿಗೆ ನಮ್ಮ ಆಫೀಸಿನವ್ರು ಮೂರು ದಿನಾ ನೋಡ್ತಾರ. ಶುಕ್ರವಾರ, ಶನಿವಾರ, ಐತವಾರ. ಮಂದಿ ಬಂದ್ರ ಸರಿ. ಬರ್ಲಿಲ್ಲಂದ್ರ ಸೋಮವಾರ ಮುಂಜಾನಿ ಬಸ್ಸಿಗೆ ನಾನೂ ಪೆಟಿಗಿ ಇಬ್ರೂ ವಾಪಸ್. ಆಮ್ಯಾಲೆ ಈ ಊರಿನ ಹೆಸರು ನಮ್ಮ ಪಟ್ಟಿಯೊಳಗ ಇರಂಗಿಲ್ಲ.” ನಾನು ನಕ್ಕುಬಿಟ್ಟೆ. ಎತ್ತಿನ ಗಾಡಿಗೆ ಬಣ್ಣದ ಬೋರ್ಡು ಕಟ್ಟಿ, ಮುಂದೆ ಬ್ಯಾಂಡು ಬಾರಿಸಿ, ಇತ್ತ ಕಿರವತ್ತಿಯವರೆಗೆ ಹ್ಯಾಂಡ್‌ಬಿಲ್ಲು ಹಂಚಿಸಿದ್ದೆ. ಜನ ನುಗ್ಗಿದರೆ ಬಾಗಿಲು ತಾಳೀತೇ ಎಂಬುದೊಂದೇ ನನ್ನ ಚಿಂತೆ.

ಶುಕ್ರವಾರ ಸಂಜೆ ಬಾಗಿಲು ತಾಳಿತು. ಚೆನ್ನಾಗಿಯೇ ತಾಳಿತು. ಒಳಗೆ ಬಂದವರು ಮೂವರು. ಕಾರವಾರದ ಬಸ್ಸು ತಪ್ಪಿಸಿಕೊಂಡ ಇಬ್ಬರು, ಎಂಜಿನ್ನು ನಡೆಸುವವನ ಭಾವ ಒಬ್ಬ. ಆ ಭಾವನೂ ಮರದ ಹೊಟ್ಟಿನ ಘಾಟಿಗೆ ಸೀನಿ ಸೀನಿ ಅರ್ಧಕ್ಕೇ ಎದ್ದುಹೋದ. ಜನ ಇಲ್ಲದೆ ಇರಲಿಲ್ಲ ಮತ್ತೆ! ಎದುರಿನ ಚಹಾದಂಗಡಿಯಲ್ಲಿ ಸಾಲಾಗಿ ಕೂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ನಾನು ನೋಡಿದರೆ ಆಕಾಶ ನೋಡುತ್ತಿದ್ದರು. “ಏನ್ರಿ, ನಿಮ್ಮೂರಾಗ ಮಂದಿಗೆ ಕಣ್ಣು ಕಾಣಸ್ತಾವೋ ಇಲ್ಲೋ?” ಎಂದ ಬಸಪ್ಪ. ಬಿಟ್ಟುಬಂದ ಗುಮಾಸ್ತನ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬ ಕೂತಿದ್ದ. ಪೆಟ್ಟಿಗೆ ಹೋದರೆ ನನ್ನ ಪಾಲಿಗೆ ಉಳಿಯುವುದು ಒಂದು ಶೆಡ್ಡು ಮತ್ತು ಊರಿನವರ ನಗೆ.

ಶನಿವಾರ ಬೆಳಿಗ್ಗೆ ನೇರವಾಗಿ ರಾಮಣ್ಣ ಮಾವನ ಮನೆಗೆ ಹೋದೆ. ನನ್ನ ತಾಯಿಯ ದೊಡ್ಡಣ್ಣ. ಊರಿನಲ್ಲಿ ಯಾವುದೇ ಕೆಲಸಕ್ಕೆ ಅವನು ಮುಂದೆ ನಡೆದರೆ ಉಳಿದವರು ಹಿಂದೆ ನಡೆಯುತ್ತಾರೆ. ಅವನು ಕೂತರೆ ಬಜಾರದ ಅಂಗಡಿಯವರೂ ಕೂರುತ್ತಾರೆ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ. “ಮಾವ, ನಿನ್ನೆ ಬಂದೇ ಇಲ್ಯಲ?” ಎಂದೆ.

“ಎಲ್ಲಿಗೆ ಬಪ್ಪದು ಮಾರಾಯಾ?”

“ಸಿನಿಮಾಕ್ಕೆ!”

“ಹೋ, ಸಿನಿಮಾಕ್ಕಾ! ಯಂಗಳ ಮನೆಗೆ ಯಾರೂ ಕರೆಯಲೆ ಬಂದಿದ್ವಿಲ್ಲೆ. ಕರೀದೇ ಹ್ಯಾಂಗೆ ಬಪ್ಪದು?” ನಾನು ಹ್ಯಾಂಡ್‌ಬಿಲ್ಲಿನ ಮಾತೆತ್ತಿದೆ. ಅದು ಅವನ ಮಗ್ಗುಲಲ್ಲೇ ಇತ್ತು, ಹೊಗೆಸೊಪ್ಪು ಸುತ್ತಿಕೊಂಡು. “ಬೀದಿಲಿ ಎಸೆದ ಕಾಗ್ದ ಹೆಕ್ಕಂಡು ಬಪ್ಪಲೆ ಆನೆಂತ ಗತಿಗೆಟ್ಟವನಾ ತಮಾ?” ಎಂದು ಶಾಂತವಾಗಿ ಕೇಳಿ ಸುಣ್ಣ ಹಚ್ಚಿದ.

ಶಿವನೇ! ಸೈಕಲ್ಲಿನಿಂದ ಒಂದು ಕಾಲು ಇಳಿಸಿದ್ದಕ್ಕೆ ಮದುವೆ ಬಿಟ್ಟ ವಂಶದಲ್ಲಿ ಹುಟ್ಟಿ ನಾನು ಇಡೀ ಊರನ್ನು ಎತ್ತಿನ ಗಾಡಿಯಿಂದ ಇಳಿಯದೆಯೇ ಕರೆದಿದ್ದೆ. ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತೆ. ಭಾಗೀರಥಿ ಪೂರ್ತಿ ಕೇಳಿ, ಸೆರಗಿಗೆ ಕೈ ಒರೆಸಿಕೊಂಡು ಕುಂಕುಮದ ಭರಣಿ ಹುಡುಕತೊಡಗಿದಳು. “ಏಳಿ, ಅಂಗಿ ಹಾಕ್ಯಳಿ. ಹೆಂಗಸರ್ನ ನಿಂಗೊ ಕರದ್ರೆ ಆಗ್ತಿಲ್ಲೆ, ಆನೂ ಬರವು” ಎಂದಳು. ಇವತ್ತೇ ಸಂಜೆಗೆ ಕರೆಯೋಣ ಎಂದೆ. ಈ ದಿನ ಕರೆದು ಈ ದಿನವೇ ಬಾ ಎನ್ನುವುದು ಮರ್ಯಾದೆಯಲ್ಲ, ನಾಳೆಗೆ ಎಂದಳು. ಅಂದರೆ ಕೊನೆಯ ದಿನಕ್ಕೆ.

ಅಂದು ರಾತ್ರಿಯೊಳಗೆ ನಲವತ್ತು ಮನೆ. ನಲವತ್ತು ಸಲ ಬೆಲ್ಲ, ನಲವತ್ತು ಸಲ ನೀರು. ಹೊಟ್ಟೆಯಲ್ಲಿ ಕೊಡ ಅಲುಗಾಡಿದಂತೆ ಸದ್ದು. ನನಗೆ ಒಂದೊಂದು ನಿಮಿಷಕ್ಕೂ ಜೀವ ಹೋಗುತ್ತಿತ್ತು. ಆದರೆ ಅವಸರ ಮಾಡಿದರೆ ಕರೆದದ್ದೇ ಕೆಡುತ್ತದೆ. ಒಂದು ಮನೆಯಲ್ಲಿ ಕಿವಿ ಮಂದವಾದ ಅಜ್ಜಿ “ಯಾರ ಉಪನಯನ?” ಎಂದು ಮೂರು ಸಲ ಕೇಳಿದಳು. ಇನ್ನೊಂದು ಕಡೆ ಯಜಮಾನರು ಎಲ್ಲ ಕೇಳಿಸಿಕೊಂಡು “ಊಟ ಅಲ್ಲೇಯಾ?” ಎಂದರು. ಭಾಗೀರಥಿ ಮಾತ್ರ ಒಂದಿಷ್ಟೂ ಗಡಿಬಿಡಿಯಿಲ್ಲದೆ ಒಳಗೆ ಹೋಗಿ, ಕುಂಕುಮ ಕೊಟ್ಟು, “ಮಕ್ಕಳು ಮರಿ ಎಲ್ಲ ಬರವು” ಎಂದು ಹೇಳಿ ಬರುತ್ತಿದ್ದಳು. ಟಿಕೆಟ್ಟಿನ ಮಾತನ್ನು ಯಾವುದಾದರೂ ಮನೆಯಲ್ಲಿ ಆಡಲೇಬೇಕು ಎಂದು ಪ್ರತಿ ಮೆಟ್ಟಿಲು ಹತ್ತುವಾಗಲೂ ನಿಶ್ಚಯ ಮಾಡುತ್ತಿದ್ದೆ. ಬಾಯಲ್ಲಿ ಅವರ ಬೆಲ್ಲ ಇರುವಾಗ ಆ ಶಬ್ದ ಹೊರಡುತ್ತಲೇ ಇರಲಿಲ್ಲ. ಶನಿವಾರದ ಆಟಕ್ಕೆ ಬಂದವನು ಒಬ್ಬ. ಅವನೂ ನಿದ್ದೆ ಮಾಡಿದ.

ಭಾನುವಾರ ಸಂಜೆ ಬಂದರು ನೋಡಿ! ಮುಂದೆ ರಾಮಣ್ಣ ಮಾವ, ಹೆಗಲಿಗೆ ಕೆಂಪು ಶಾಲು. ಹಿಂದೆ ಪಟ್ಟೆ ಸೀರೆಯ ಹೆಂಗಸರು, ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳು, ಉಪನಯನದ ಅಜ್ಜಿ. ಮಾವ ಹೊರಟದ್ದು ಕಂಡು ಚಹಾದಂಗಡಿಯ ಸಾಲೂ ಎದ್ದು ಬಂತು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಬಾಗಿಲಲ್ಲಿ ಬಸಪ್ಪ ಕೊಡೆಯನ್ನು ಅಡ್ಡ ಹಿಡಿದ. “ಟಿಕೀಟ ತೊಗೊಳ್ರಿ ಯಜಮಾನ್ರ. ಟಿಕೀಟ ಇಲ್ದ ಒಬ್ರನ್ನೂ ಒಳಗ ಬಿಡಂಗಿಲ್ಲ.”

ಮಾವ ನಿಂತ. ಅವನು ನಿಂತದ್ದಕ್ಕೆ ಊರೇ ನಿಂತಿತು. “ಎಂತದು?” ಎಂದು ಮಾವ ಕೇಳಿದ್ದು ಬಸಪ್ಪನನ್ನಲ್ಲ, ನನ್ನನ್ನು. “ತಮಾ, ಕರದ್ದಕ್ಕೆ ಬಂದಿದ್ದು ಯಂಗೊ. ಹೌದೋ ಅಲ್ದೋ?” ನಾನು ಹೌದು ಎಂದರೆ ಬಸಪ್ಪ ನಾಳೆ ಬಸ್ಸು ಹತ್ತುತ್ತಾನೆ. ಅಲ್ಲ ಎಂದರೆ ಈ ಊರಿನಲ್ಲಿ ಇನ್ನು ನನ್ನ ಹೆಣಕ್ಕೂ ಜನ ಬರುವುದಿಲ್ಲ. ಬಾಯಿ ತೆರೆದೆ, ಬೆಲ್ಲದ ತೇಗು ಬಂತು. ಮಾವ ಹೆಗಲ ಮೇಲಿನ ಶಾಲು ತೆಗೆದು ಮಡಚತೊಡಗಿದ. ಅವನು ಶಾಲು ಮಡಚಿದನೆಂದರೆ ಮನೆಗೆ ಹೊರಟನೆಂದೇ ಅರ್ಥ, ಅದು ಊರಿಗೆಲ್ಲ ಗೊತ್ತು. ಹಿಂದಿದ್ದ ಹೆಂಗಸರು ಆಗಲೇ ಮಕ್ಕಳ ಕೈ ಹಿಡಿದು ತಿರುಗುತ್ತಿದ್ದರು.

ಟಿಕೆಟ್ ಕಿಟಕಿಯ ಮೇಲೆ ಒಂದು ಗಣಪತಿಯ ಪಟ ಇತ್ತು. ಮೊದಲ ಸಲ ಜನ ಕೂಡುವ ದಿನ ಒಂದು ಆರತಿಯಾದರೂ ಆಗಲಿ ಎಂದು ಭಾಗೀರಥಿ ಹರಿವಾಣ ತಂದಿದ್ದಳು. ಅವಳು ಯಾರ ಮುಖವನ್ನೂ ನೋಡದೆ ದೀಪ ಹಚ್ಚಿದಳು, ಪಟಕ್ಕೆ ಆರತಿ ಎತ್ತಿದಳು, ತಿರುಗಿ ಹರಿವಾಣವನ್ನು ಮಾವನ ಮುಂದೆ ಹಿಡಿದಳು. ಆರತಿ ಮುಂದೆ ಬಂದಾಗ ನಮ್ಮವರ ಕೈ ತಲೆಯನ್ನು ಕೇಳುವುದಿಲ್ಲ. ಮಾವನ ಕೈ ದೀಪದ ಮೇಲೆ ಹೋಯಿತು, ಕಣ್ಣಿಗೆ ಹೋಯಿತು, ಅಲ್ಲಿಂದ ಸೀದಾ ಸೊಂಟದ ಚೀಲಕ್ಕೆ ಹೋಯಿತು, ಹರಿವಾಣದಲ್ಲಿ ಒಂದು ಪೂರ್ತಿ ರೂಪಾಯಿ ಬಿತ್ತು. ಭಾಗೀರಥಿ ಒಂದು ಹೂವಿನೆಸಳಿನ ಜೊತೆ ಕುರ್ಚಿಯ ಟಿಕೆಟ್ಟು ಇಟ್ಟು ಅವನ ಬಲಗೈಗೆ ಕೊಟ್ಟಳು. ಮಾವ ಆ ಟಿಕೆಟ್ಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಶಾಲನ್ನು ಮತ್ತೆ ಹೆಗಲಿಗೇರಿಸಿ ಒಳಗೆ ನಡೆದ. ಆಮೇಲೆ ಕೇಳುವುದೇನು! ಒಬ್ಬರ ಹಿಂದೆ ಒಬ್ಬರು, ದೀಪ, ಕಣ್ಣು, ದುಡ್ಡು, ಟಿಕೆಟ್ಟು. ಬಸಪ್ಪ ಕೊಡೆ ಬಿಸಾಕಿ ಟಿಕೆಟ್ಟು ಹರಿದು ಹರಿದು ಅವಳ ಕೈಗೆ ಕೊಡುತ್ತಿದ್ದ. ಕೊನೆಗೆ ತಾನೂ ದೀಪಕ್ಕೆ ಕೈಯೊಡ್ಡಿ ಎಂಟಾಣೆ ಹಾಕಿಬಿಟ್ಟು, “ಅಲ್ಲಲೇ, ನಾ ಯಾಕ ಹಾಕಿದೆ!” ಎಂದು ಪೆಚ್ಚಾದ.

ಸೋಮವಾರದ ಬಸ್ಸಿಗೆ ಪೆಟ್ಟಿಗೆ ಹೋಗಲಿಲ್ಲ. ಹೊಸ ಪಿಕ್ಚರು ಬಂದ ಶುಕ್ರವಾರವೆಲ್ಲ ಬಾಗಿಲಲ್ಲಿ ಭಾಗೀರಥಿಯ ಆರತಿ ಎನ್ನುವುದು ಕೆಲವು ವರ್ಷ ನಡೆಯಿತು. ಆಮೇಲೆ ಜನ ಟಿಕೆಟ್ ಕಿಟಕಿಗೇ ಕೈಹಾಕುವುದನ್ನು ಕಲಿತರು. ಸಿದ್ದಾಪುರದಿಂದ ಒಬ್ಬರು ಬಂದು ಥಿಯೇಟರ್ ನಡೆಸುವ ಗುಟ್ಟೇನು ಎಂದು ಕೇಳಿದಾಗ ನಾನು ಕಾಲಮೇಲೆ ಕಾಲು ಹಾಕಿಕೊಂಡು ಒಂದು ಗಂಟೆ ಉಪದೇಶ ಮಾಡಿದೆ. ಅವರು ಹೋದ ಮೇಲೆ ಅದೇ ಹುರುಪಿನಲ್ಲಿ ಅಡುಗೆಮನೆಯ ಬಾಗಿಲಿಗೆ ಹೋಗಿ, ಇಷ್ಟು ವರ್ಷದಲ್ಲಿ ನಾವು ತಂದ ಪಿಕ್ಚರುಗಳಲ್ಲಿ ನಿನಗೆ ಯಾವುದು ಹಿಡಿಸಿತು ಎಂದು ಕೇಳಿದೆ.

ಭಾಗೀರಥಿ ದೋಸೆ ಮಗುಚಿದಳು. “ಆನು ಒಂದೂ ನೋಡಿದ್ದಿಲ್ಲೆ” ಎಂದಳು.

“ಎಂತಕ್ಕೆ?”

“ಯನ್ನ ಯಾರು ಕರದ್ದ?”

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ನಲವತ್ತು ಮನೆ ಹೊಕ್ಕು ಕರೆದವಳು, ನನ್ನ ಮಾನ ಉಳಿಸಿದವಳು, ಪ್ರತಿ ಶುಕ್ರವಾರ ಊರನ್ನೆಲ್ಲ ಒಳಗೆ ಕಳಿಸಿ ಖಾಲಿ ಹರಿವಾಣ ಹಿಡಿದು ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ಅವಳು ಎಲ್ಲಿ ಹೋಗುತ್ತಾಳೆ ಎಂದು ನಾನು ತಿರುಗಿಯೂ ನೋಡಿರಲಿಲ್ಲ. ಬಾವಿಕಟ್ಟೆಯಿಂದ ಬಂದು ಕೇಳಿದ ಆ ‘ಹೌದಾ?’ ಎಂಬ ಮಾತು ಅಷ್ಟು ವರ್ಷಗಳ ಮೇಲೆ ಬಂದು ನನಗೆ ತಾಗಿತು. ಬಹಳ ನಾಚಿಕೆಯಾಯಿತು. “ಹಂಗಾರೆ ಇವತ್ತೇ ಬಾ” ಎಂದೆ. “ಅಡುಗೆಮನೆ ಬಾಗ್ಲಲ್ಲಿ ನಿಂತ್ಕಂಡು ಕರದ್ರೆ ಬಪ್ಪಲಾಗ್ತಿಲ್ಲೆ” ಎಂದು ಇನ್ನೊಂದು ದೋಸೆ ಹೊಯ್ದಳು. ನಮ್ಮ ಅಪ್ಪಯ್ಯನೇ ಒಲೆಯ ಮುಂದೆ ಕೂತು ಮಾತಾಡಿದ ಹಾಗಿತ್ತು.

ಹೊರಗೆ ಹೋದೆ. ಅಂಗಿ ಹಾಕಿಕೊಂಡು ಮುಂಬಾಗಿಲಿನಿಂದ ಒಳಗೆ ಬಂದೆ. ಜಗಲಿಯಲ್ಲಿ ಕೂತೆ. ಅವಳು ಬೆಲ್ಲ ನೀರು ತಂದಿಟ್ಟಳು. ತಿಂದೆ, ಕುಡಿದೆ, ಅವಳ ಆರೋಗ್ಯ ವಿಚಾರಿಸಿದೆ. ನನಗೆ ನೆನಪಿರುವಂತೆ ಅದೇ ಮೊದಲ ಸಲ. ನಾಳೆ ಸಂಜೆಯ ಆಟಕ್ಕೆ ಬರಬೇಕು ಎಂದೆ. “ನೋಡನ, ಪುರುಸೊತ್ತಾದ್ರೆ” ಎಂದಳು. ಮರುದಿನ ಸಂಜೆ ನಾನು ಬಾಗಿಲಲ್ಲಿ ನಿಂತು ರಸ್ತೆ ನೋಡಿದಷ್ಟು ಮೊದಲ ಭಾನುವಾರವೂ ನೋಡಿರಲಿಲ್ಲ. ಜನ ಒಳಗೆ ಸಿಳ್ಳೆ ಹಾಕುತ್ತಿದ್ದರೂ ಆಟ ಶುರುಮಾಡಿಸಲಿಲ್ಲ. ಕೊನೆಗೆ ಬಂದಳು, ಪಟ್ಟೆ ಸೀರೆ ಉಟ್ಟು. ಇಂಟರ್‌ವಲ್ಲಿನಲ್ಲಿ ಓಡಿಹೋಗಿ ಹೇಗಿದೆ ಎಂದು ಕೇಳಿದೆ. ಅವಳು ಪರದೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಇದ್ಕಾ ಆನು ನಲವತ್ತು ಮನೆ ಹೊಕ್ಕು ಕರದ್ದು?” ಎಂದಳು. ನಾನು ಮುಖ ಸಣ್ಣದು ಮಾಡಿಕೊಂಡು ಹೊರಟಾಗ ಹಿಂದಿನಿಂದ ಕೇಳಿಸಿತು: “ಮುಂದಿನ ಶುಕ್ರವಾರದ್ದಕ್ಕೂ ಬಂದು ಕರೆಯವು ಮತ್ತೆ!”

ಅಂದಿನಿಂದ ಪ್ರತಿ ಗುರುವಾರ ನಾನು ನನ್ನದೇ ಮನೆಯ ಜಗಲಿಗೆ ನೆಂಟನಾಗಿ ಹೋಗಿ ಬೆಲ್ಲ ತಿನ್ನುತ್ತಿದ್ದೇನೆ. ಹೋಗುವಾಗ ಸೈಕಲ್ಲನ್ನು ಅಂಗಳದ ಆಚೆಯೇ ನಿಲ್ಲಿಸಿ, ಎರಡೂ ಕಾಲು ಇಳಿಸುತ್ತೇನೆ.