ಹಿಂದಿನ ಗಾಲಿಯ ಕಾರು

ಯಾರೂ ನಮ್ಮನ್ನು ಕೇಳದ ವಿಷಯಗಳ ಬಗ್ಗೆಯೇ ನಮಗೆ ಬಹಳ ಗಟ್ಟಿಯಾದ ಅಭಿಪ್ರಾಯಗಳಿರುತ್ತವೆ. ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಪಠ್ಯಪುಸ್ತಕ ಹೇಗಿರಬೇಕೆಂಬ ಬಗ್ಗೆ ಇದೆ. ಇಂಡಿ ಕೋರ್ಟಿನಲ್ಲಿ ವಕೀಲರಾಗಿರುವ ನನ್ನ ಯಜಮಾನರಿಗೆ ಕಾರು ಕಂಪನಿಗಳು ಏನು ಮಾಡಬೇಕೆಂಬ ಬಗ್ಗೆ ಇದೆ. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ, ಹಿಂದಿನ ಗಾಲಿಗಳಿಂದ ಓಡುವ ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳನ್ನು ನಮ್ಮಂಥವರ ಕೈಗೆಟಕುವ ಬೆಲೆಗೆ ಮತ್ತೆ ತಯಾರಿಸಬೇಕು ಎಂಬುದು ಅವರ ವಾದ. ಈಗಿನ ಸಾದಾ ಕಾರುಗಳಲ್ಲಿ ಪಾಪ, ಮುಂದಿನ ಗಾಲಿಗಳೇ ದಾರಿಯನ್ನೂ ಹಿಡಿಯಬೇಕು, ಗಾಡಿಯನ್ನೂ ಎಳೆಯಬೇಕಂತೆ. ಆ ಹಳೆಯವುಗಳಲ್ಲಿ ಮುಂದಿನವು ದಾರಿ ನೋಡಿಕೊಳ್ಳುತ್ತವೆ, ಹಿಂದಿನವು ನೂಕುತ್ತವೆ. ನಮ್ಮ ಸಂಸಾರವೂ ಹೀಗೇ ನಡೆದಿದೆಯಲ್ಲ ಎಂದೆ. ನೂಕುವವರು ಯಾರೆಂದು ಬಿಡಿಸಿ ಹೇಳಲಿಲ್ಲ.

ಈ ವಾದ ಊಟದ ಹೊತ್ತಿನ ಮಾತಾಗಿಯೇ ಉಳಿದಿದ್ದರೆ ತೊಂದರೆ ಇರಲಿಲ್ಲ. ಆದರೆ ನಮ್ಮ ಹಳೆಯ ಕಾರು ಮೂಲೆ ಸೇರಿ, ಹೊಸದು ಕೊಳ್ಳುವ ಮಾತು ಬಂತು. ಎತ್ತರದ, ನಾಲ್ಕು ಬಾಗಿಲಿನ ಕಾರೇ ಬೇಕೆಂದು ನಾನು. ಅತ್ತೆಯವರ ಮೊಣಕಾಲು ನೋವು, ಜೋಳದ ಚೀಲ, ಲಗ್ನದ ಸೀಸನ್ನು ಎಂದೆಲ್ಲ ನನ್ನ ಕಡೆ ಸಾಕ್ಷಿಗಳಿದ್ದವು. ನನಗೆ ಲೈಸೆನ್ಸು ಸಿಕ್ಕು ವರ್ಷಗಳಾಗಿದ್ದರೂ ಅತ್ತೆಯವರು ಮಾತ್ರ ನಾನು ಓಡಿಸುವ ಕಾರನ್ನು ಒಮ್ಮೆಯೂ ಹತ್ತಿದವರಲ್ಲ. ಮಗ ಮನೆಯಲ್ಲಿಲ್ಲದ ದಿನ ಎಲ್ಲಿಗಾದರೂ ಹೋಗಬೇಕಾದರೆ "ನನಗ ಬಸ್ಸೇ ಛಲೋ" ಎಂದು ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಿದ್ದರು. ನಾನು ನಗುತ್ತಲೇ ಕೈಬೀಸುತ್ತಿದ್ದೆ. ಒಳಗೆ ಚುಚ್ಚುತ್ತಿದ್ದುದು ನನಗಷ್ಟೇ ಗೊತ್ತು.

ಒಂದು ಶನಿವಾರ ಸಂಜೆ ಯಜಮಾನರು ಸೊಲ್ಲಾಪುರದ ಚಾದರ ವ್ಯಾಪಾರಿ ಗೆಳೆಯನೊಬ್ಬನ ಕೆಂಪು ಕಾರನ್ನು ಒಂದು ದಿನದ ಮಟ್ಟಿಗೆ ತಂದು ಬಾಗಿಲಲ್ಲಿ ನಿಲ್ಲಿಸಿದರು. ಅದು ಅವರು ಹೇಳುತ್ತಿದ್ದ ಜಾತಿಯದೇ. ಮರುದಿನ ಆಲಮೇಲದಲ್ಲಿ ಅತ್ತೆಯವರ ತಂಗಿಯ ಬಸುರಿ ಮಗಳ ಕುಬುಸ, ಅಂದರೆ ಸೀಮಂತ. ಅದರಲ್ಲೇ ಹೋಗುವುದೆಂದು ತೀರ್ಮಾನವಾಯಿತು. ಅತ್ತೆಯವರನ್ನು ಮುಂದಿನ ಸೀಟಿಗೆ ಇಳಿಸಲು ಇಬ್ಬರೂ ಬೇಕಾದೆವು. ಇಳಿಸಲು ಎಂದೇ ಹೇಳಬೇಕು, ಆ ಸೀಟು ಬಾವಿಯಷ್ಟು ಆಳದಲ್ಲಿತ್ತು. ಹಿಂದಿನ ಸೀಟು ಇದ್ದದ್ದು ಹೆಸರಿಗೆ ಮಾತ್ರ. ಉಂಡಿಯ ಡಬ್ಬಿಯನ್ನು ಪಕ್ಕಕ್ಕೆ ತುರುಕಿಕೊಂಡು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ನಾನು ಅಲ್ಲಿ ಕೂತೆ.

ಸಾಲೋಟಗಿ ದಾಟಿದ ಮೇಲೆ ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು ರಸ್ತೆ ತುಂಬಿಕೊಂಡು ಬಂತು. ಯಜಮಾನರು ಮರ್ಯಾದೆಯಿಂದ ಪಕ್ಕಕ್ಕೆ ಇಳಿಸಿದರು. ಯಾರೋ ಹೊಲಕ್ಕೆ ಬಿಟ್ಟ ನೀರು ಅಲ್ಲಿ ಹರಿದು ಎರೆಮಣ್ಣು ಬೆಣ್ಣೆಯಾಗಿತ್ತು. ಹಿಂದಿನ ಗಾಲಿಗಳು ನೂಕುತ್ತವೆ ಎಂದಿದ್ದರಲ್ಲ, ನೂಕಿದವು. ಆದರೆ ಮುಂದಕ್ಕಲ್ಲ, ಕೆಳಕ್ಕೆ. ಟ್ರ್ಯಾಕ್ಟರಿನವನು ಇಳಿದು ಬಂದು ಒಂದು ಹಿಡಿ ಕಬ್ಬಿನ ಒಣ ಗರಿ, ರವದಿಯನ್ನು ಗಾಲಿಗಳ ಕೆಳಗೆ ತುರುಕಿದ. ಅತ್ತೆಯವರನ್ನು ಮತ್ತೆ ಮೇಲೆತ್ತುವುದು ಆಗದ ಮಾತು, ಅವರು ಕೂತಲ್ಲೇ ಕೂತರು. ಸ್ಟೇರಿಂಗು ಹಿಡಿಯಲು ಉಳಿದವಳು ನಾನೊಬ್ಬಳೇ. ಯಜಮಾನರು ಬಿಳಿ ಅಂಗಿಯ ತೋಳು ಮಡಚಿ ಸರಿಯಾಗಿ ಗಾಲಿಯ ಹಿಂದೆ ನಿಂತು ನೂಕಿದರು. ನಾನು ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಗಾಡಿ ಒಂದೇ ನೆಗೆತಕ್ಕೆ ಡಾಂಬರು ಸೇರಿತು. ತಿರುಗಿ ನೋಡಿದರೆ ಕೆಸರಿನ ನಡುವೆ ಯಜಮಾನರ ಕಣ್ಣು ಎರಡನ್ನು ಬಿಟ್ಟು ಮತ್ತೇನೂ ಕಾಣಲಿಲ್ಲ.

ಅವರನ್ನು ಗೆಳೆಯನ ಸೀಟಿನ ಮೇಲೆ ಹಾಗೇ ಕೂಡಿಸುವಂತಿರಲಿಲ್ಲ. ಟ್ರ್ಯಾಕ್ಟರಿನವನು ಒಂದು ಖಾಲಿ ಗೊಬ್ಬರದ ಚೀಲ ಕೊಟ್ಟ. ಅದನ್ನು ಹಿಂದಿನ ಸೀಟಿಗೆ ಹಾಸಿದೆವು. ಅತ್ತೆಯವರು ಮಗನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಸ್ಸೇನಾದರೂ ಬರುತ್ತದೆಯೋ ಎಂದು ರಸ್ತೆಯನ್ನೂ ನೋಡಿದರು. ಆಮೇಲೆ, "ತಮ್ಮಾ, ನೀ ಹಿಂದ ಕೂಡು. ಗಾಡಿ ಶಾರದಾ ಹೊಡೀಲಿ" ಎಂದರು.

ಮೊದಲ ಗೇರಿನಲ್ಲಿ ಗಾಡಿ ಎರಡು ಸಲ ಕುಪ್ಪಳಿಸಿತು, ಮುಚ್ಚಿಡುವುದೇಕೆ? ಆದರೆ ಎರಡು ಗೇರು ಬದಲಾಗುವಷ್ಟರಲ್ಲಿ ಆ ಕಾರು ನನ್ನ ಕೈಯೊಳಗೆ ಬಂದಿತ್ತು. ಸ್ಟೇರಿಂಗು ಹೂವಿನಂತಿತ್ತು. ತಿರುವು ಬಂದಾಗ ಬೆನ್ನ ಹಿಂದೆ ಯಾರೋ ಕೈಯಿಟ್ಟು, ಹೋಗು, ನಾನಿದ್ದೇನೆ ಎಂದು ಮೆಲ್ಲಗೆ ನೂಕಿದ ಹಾಗೆ. ಎರಡೂ ಕಡೆ ಕಬ್ಬು, ನಡುವೆ ಖಾಲಿ ರಸ್ತೆ. ಯಜಮಾನರ ಇಷ್ಟು ದಿನದ ವಾದವೆಲ್ಲ ನನಗೆ ಅಂಗಾಲಿನಿಂದ ಅರ್ಥವಾಗತೊಡಗಿತು. ಅತ್ತೆಯವರು ಡ್ಯಾಶ್‌ಬೋರ್ಡಿಗೆ ಊರಿದ್ದ ಕೈಯನ್ನು ಯಾವಾಗಲೋ ತೆಗೆದು ಸೆರಗು ಸರಿಮಾಡಿಕೊಂಡಿದ್ದರು. ಆಲಮೇಲ ಬಂತು. ನಾನು ವೇಗ ತಗ್ಗಿಸಿದೆ.

"ಉಡಿ ತುಂಬೂದು ಇನ್ನೂ ತಡಾ ಐತಿ," ಎಂದರು ಅತ್ತೆಯವರು ಮುಂದೆಯೇ ನೋಡುತ್ತ. "ದೇವಣಗಾಂವ ತನಕ ಹೋಗಿ ಬರೂಣು."

"ಅವ್ವಾ, ನನ್ನ ಅವತಾರ ನೋಡಿ ಮಾತಾಡು," ಎಂದು ಹಿಂದಿನಿಂದ ದನಿ ಬಂತು.

"ಒಣಗಲಿ ತಗೋ. ಒಣಗಿದ್ರ ಉದುರತೈತಿ."

ದೇವಣಗಾಂವಕ್ಕೆ ಹೋಗಿಯೇ ಬಂದೆವು. ಕುಬುಸಕ್ಕೆ ತಡವಾಯಿತು. ಯಾಕೆಂದು ನೆಂಟರು ಕೇಳಿದರೆ ಅತ್ತೆಯವರು ಮಗನ ಅಂಗಿ ತೋರಿಸಿದರು.

ಅಂದಿನಿಂದ ಯಜಮಾನರು ಮುಂದಿನ ಗಾಲಿಯ ಪಕ್ಷ. ಕಂಪನಿಯವರು ಅಂಥ ಕಾರು ಮಾಡುವುದನ್ನು ಸುಮ್ಮನೆ ನಿಲ್ಲಿಸಿರಲಿಕ್ಕಿಲ್ಲ ಎನ್ನುತ್ತಾರೆ. ಅಗ್ಗದ ಬೆಲೆಗೆ ಅವನ್ನು ಮತ್ತೆ ತರಬೇಕೆಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ವಾದಿಸುತ್ತಿರುವವಳು ಈಗ ನಾನು. ಕನ್ನಡದ ಮೇಡಂಗೆ ಏನಾಯಿತೆಂದು ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಕೊನೆಗೆ ವಿಜಯಪುರದ ಶೋರೂಮಿಗೆ ಮೂವರೂ ಹೋದೆವು. ನಾಲ್ಕು ಬಾಗಿಲಿನ ಬಿಳಿ ಕಾರು, ದೊಡ್ಡ ಡಿಕ್ಕಿ. ಅತ್ತೆಯವರು ಮುಂದಿನ ಸೀಟಿನಲ್ಲಿ ಕೂತು ನೋಡಿ, "ಭಾಳ ಎತ್ತರ ಆತು" ಎಂದರು. ಮಾರುವಾತ ಮೈಲೇಜು, ಏಸಿ, ಕ್ಯಾಮೆರಾ ಎಲ್ಲ ವರ್ಣಿಸಿ, ಇನ್ನೇನಾದರೂ ಕೇಳುವುದಿದೆಯೇ ಎಂದ. ನಾನು ಗಂಟಲು ಸರಿಮಾಡಿಕೊಂಡು, ತಿಳಿದವಳ ಗತ್ತಿನಲ್ಲಿ, ಇದು ಯಾವ ಗಾಲಿಯಿಂದ ಓಡುತ್ತದೆ ಎಂದು ಕೇಳಿದೆ. ಆತ ಕಾರನ್ನೂ ನನ್ನನ್ನೂ ಒಮ್ಮೆ ನೋಡಿ, ಬಹಳ ವಿನಯದಿಂದ ಹೇಳಿದ:

"ನಾಕೂ ತಿರಗತಾವ್ರಿ, ಮೇಡಂ."

ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು, ಅವರ ಹೆಗಲು ಕುಲುಕುತ್ತಿತ್ತು. ನಾನು ಮತ್ತೇನೂ ಕೇಳದೆ ಸಹಿ ಹಾಕಿದೆ. ಆ ಕುಬುಸಕ್ಕೆ ಮೊದಲು ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಆತ ಹೇಳಿದ್ದನ್ನೇ ಹೇಳುತ್ತಿದ್ದೆ.